ಅತ್ತೆಗೆ ನಿದ್ದೆ ಬರಿಸುವ ಕಾರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಸಂಬಂಧ ಬೇಕು. ಟಿ.ವಿ.ಯಲ್ಲಿ ಕಾಣುವ ಕೋಟ್ಯಧಿಪತಿಗಳನ್ನು ಕಂಡು ನನಗೆ ಯಾವತ್ತೂ ಹೊಟ್ಟೆ ಉರಿದಿಲ್ಲ, ಅವರೆಲ್ಲೋ ನಾನೆಲ್ಲೋ. ಪಕ್ಕದ ಮನೆಯವರ ಮೇಲಿನ ಕಿಚ್ಚು ಬಾಡಿಗೆ ಮನೆ ಬದಲಾಯಿಸಿದ ದಿನವೇ ಆರಿಹೋಗುತ್ತದೆ. ಆದರೆ ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಉಳಿದು, ಪ್ರತಿ ಹಬ್ಬಕ್ಕೂ ಯಾರೋ ಊದಿದಂತೆ ಹೊಸದಾಗಿ ಹೊತ್ತಿಕೊಳ್ಳುವ ಹೊಟ್ಟೆಕಿಚ್ಚು ಒಂದೇ ಒಂದು, ಅದು ಷಡ್ಡಕನ ಮೇಲಿನದು. ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡ ತಪ್ಪಿಗೆ ಇಬ್ಬರು ಗಂಡಸರು ಜೀವನಪೂರ್ತಿ ಒಂದೇ ತಕ್ಕಡಿಯ ಎರಡು ತಟ್ಟೆಯಲ್ಲಿ ಕೂತಿರಬೇಕಾಗುತ್ತದೆ. ಯಾರ ಎಲೆಗೆ ಮೊದಲು ತುಪ್ಪ ಬಿತ್ತು, ಯಾರ ಪಂಚೆಯ ಅಂಚು ಅಗಲವಾಗಿದೆ ಎಂಬುದನ್ನು ನೋಡದವನಂತೆ ನೋಡುವ ಕಲೆಯನ್ನು ನಾನು ಹದಿನೈದು ವರ್ಷದಿಂದ ರೂಢಿಸಿಕೊಂಡಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಓದುವವರಲ್ಲಿ ಷಡ್ಡಕರಿರುವವರು ನನ್ನನ್ನು ಬೈಯಲಾರರು ಎಂಬ ಧೈರ್ಯವಿದೆ.

ನಾನು ಮಧುಗಿರಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಅತ್ತೆಮನೆ ಕೊರಟಗೆರೆ. ಮಾವನವರಿಗೆ ಅಲ್ಲಿ ದಿನಸಿ ಅಂಗಡಿ. ಅವರು ಬಸ್ಸನ್ನು ಬಿಟ್ಟು ಇನ್ಯಾರ ಗಾಡಿಯನ್ನೂ ನಂಬುವವರಲ್ಲ, ಆದ್ದರಿಂದ ಅವರು ಈ ಕಥೆಯಲ್ಲಿ ಸ್ಪರ್ಧೆಗಿಲ್ಲ. ಸ್ಪರ್ಧೆಯೆಲ್ಲ ಅತ್ತೆಯವರಿಗಾಗಿ. ದೊಡ್ಡ ಮಗಳು ಗಿರಿಜಳನ್ನು ನನಗೆ ಕೊಟ್ಟರು. ಚಿಕ್ಕವಳು ಸುಮಳನ್ನು ಪಾವಗಡದ ನಾಗೇಂದ್ರನಿಗೆ ಕೊಟ್ಟರು. ಈ ನಾಗೇಂದ್ರ ಅತ್ತೆಯ ಸ್ವಂತ ಅಣ್ಣನ ಮಗ. ಅಂದರೆ ಅವನು ಅಳಿಯನಾಗುವುದಕ್ಕೆ ಮೊದಲೇ ಅಳಿಯ. ಅವನಿಗೆ ಅತ್ತೆ 'ಲೇ ನಾಗ, ನೀನು' ಎನ್ನುತ್ತಾರೆ. ನನಗೆ 'ಅಳಿಯಂದ್ರೇ, ನೀವು'. ನನಗೆ ಕೊಡುವುದು ಮರ್ಯಾದೆ, ಅವನಿಗೆ ಕೊಡುವುದು ಸಲಿಗೆ. ಮರ್ಯಾದೆಯನ್ನು ಹಳೆಯ ವಿದ್ಯಾರ್ಥಿಗಳೂ ಕೊಡುತ್ತಾರೆ. ಸಾಲದ್ದಕ್ಕೆ ಅವರಿಬ್ಬರೂ ತೆಲುಗಿನಲ್ಲಿ ಮಾತಾಡಿಕೊಂಡು ನಗುತ್ತಾರೆ. ನನಗೆ ತೆಲುಗು ಅರ್ಥವಾಗುತ್ತದೆ, ಆದರೆ ನಗು ಬರುವಷ್ಟು ಬೇಗ ಅರ್ಥವಾಗುವುದಿಲ್ಲ. ಅವರು ನಕ್ಕು ಸುಮ್ಮನಾದ ಮೇಲೆ ನಾನೊಬ್ಬನೇ ನಗುವುದು ಚೆನ್ನಾಗಿ ಕಾಣುವುದಿಲ್ಲವೆಂದು ಪೇಪರು ಓದುತ್ತಿರುತ್ತೇನೆ.

ಇಷ್ಟನ್ನಾದರೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಕಾರಿನ ವಿಷಯ. ನಾಗೇಂದ್ರ ಸೋಲಾರ್ ಕಂಪನಿಗಳಿಗೆ ಬಾಡಿಗೆ ಗಾಡಿ ಬಿಟ್ಟು ಚೆನ್ನಾಗಿ ಬೆಳೆದವನು. ತನಗೆಂದು ಒಂದು ಎತ್ತರದ ಬಿಳಿ ಗಾಡಿ ಇಟ್ಟುಕೊಂಡಿದ್ದಾನೆ. ಅದನ್ನು ಹತ್ತಬೇಕಾದರೆ ಮೊದಲು ಒಂದು ಮೆಟ್ಟಿಲು ಹತ್ತಬೇಕು. ನನ್ನದು ಹಳೆಯ ಸಣ್ಣ ಕಾರು; ಅದಕ್ಕೆ ಹತ್ತುವುದಲ್ಲ, ಇಳಿಯಬೇಕು. ಒಮ್ಮೆ ಅತ್ತೆಮನೆಯ ಜಗಲಿಯ ಮೇಲೆ ಕೂತು ನಾಗೇಂದ್ರ ಎಲ್ಲರೆದುರು ಹೇಳಿದ, "ಅನ್ನಾ, ನಮ್ದು ಹಿಂದಿನ ಚಕ್ರ ತಳ್ಳೋ ಗಾಡಿ. ನಿಮ್ದು ಮುಂದಿನ ಚಕ್ರ ಎಳ್ಕೊಂಡೋಗೋ ಗಾಡಿ. ಅದೇ ಡಿಫರೆನ್ಸು." ಘರ್ಷಣೆಯ ಪಾಠವನ್ನು ಇಷ್ಟು ವರ್ಷ ಮಾಡಿದ ನನಗೆ ಆ ಹೊತ್ತಿನಲ್ಲಿ ಒಂದು ಮಾತೂ ಹೊಳೆಯಲಿಲ್ಲ. ಎತ್ತನ್ನು ಯಾವ ಕಾಲದಲ್ಲೂ ಗಾಡಿಯ ಮುಂದೆಯೇ ಕಟ್ಟುವುದು ಎಂಬ ಸೊಗಸಾದ ಉತ್ತರ ಹೊಳೆದದ್ದು ಮೂರು ದಿನ ಕಳೆದ ಮೇಲೆ, ಕ್ಲಾಸಿನಲ್ಲಿ. ಹುಡುಗರಿಗೇ ಹೇಳಿದೆ. ಅವರು ಬರೆದುಕೊಂಡರು.

ಆದರೆ ನಿಜವಾಗಿ ನನ್ನ ಹೊಟ್ಟೆ ಉರಿಸಿದ್ದು ಗಾಡಿಯಲ್ಲ, ಅತ್ತೆಯ ನಿದ್ದೆ. ಅತ್ತೆಯ ತವರು ಪಾವಗಡವಾದ್ದರಿಂದ ಕೊರಟಗೆರೆಯಿಂದ ಮಧುಗಿರಿ, ಮಿಡಿಗೇಶಿ ದಾಟಿ ಅಲ್ಲಿಗೆ ಆಗಾಗ ಓಡಾಟವಿರುತ್ತದೆ. ನಾಗೇಂದ್ರನ ಗಾಡಿಯಲ್ಲಿ ಕೂತರೆ ಊರು ದಾಟುವಷ್ಟರಲ್ಲಿ ಅತ್ತೆಯ ತಲೆ ವಾಲುತ್ತದೆ, ಪಾವಗಡ ಬಂದಾಗ ಎಬ್ಬಿಸಬೇಕು. ನಾನು ಹಿಂದೆ ನನ್ನ ಕಾರಿನಲ್ಲಿ ಹೋಗುತ್ತಾ ಆ ವಾಲಿದ ತಲೆಯನ್ನು ಗಾಜಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದೇ ಅತ್ತೆ ನನ್ನ ಕಾರಿನಲ್ಲಿ ಕೂತರೆ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಪಿಳಿಕಿಸದೆ ಹೊರಗೆ ನೋಡುತ್ತಾ, ದಾರಿಯುದ್ದಕ್ಕೂ ಒಂದಾದ ಮೇಲೊಂದು ದೇವರ ಹೆಸರು ಹೇಳುತ್ತಾರೆ. ಆಂಜನೇಯ, ಮಾರಮ್ಮ, ನರಸಿಂಹ, ಮತ್ತೆ ಆಂಜನೇಯ. ಮನುಷ್ಯ ಯಾರನ್ನು ನಂಬುತ್ತಾನೋ ಅವರ ಮುಂದೆ ಮಾತ್ರ ನಿದ್ದೆ ಮಾಡುತ್ತಾನೆ. ಅತ್ತೆ ತಮ್ಮ ಜೀವವನ್ನು ನಾಗೇಂದ್ರನ ಕೈಗೆ ಒಪ್ಪಿಸುತ್ತಾರೆ, ನನ್ನ ಕಾರಿನಲ್ಲಿ ಕೂತಾಗ ದೇವರ ಕೈಗೆ ಒಪ್ಪಿಸುತ್ತಾರೆ ಎಂಬ ಸತ್ಯ ಹೊಳೆದ ದಿನದಿಂದ ನನಗೆ ಊಟ ರುಚಿಸಲಿಲ್ಲ. ಅತ್ತೆ ನನ್ನ ಕಾರಿನಲ್ಲಿ ಒಂದೇ ಒಂದು ಸಲ, ನಾಗೇಂದ್ರನ ಕಣ್ಣೆದುರಿಗೆ, ನಿದ್ದೆ ಹೋಗಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹೀಗಿರುವಾಗ ಶಿರಾದ ಆಚೆ, ಹೈವೇಯಿಂದ ಒಳಗೆ, ಯಾರೋ ಹಣವಂತರು ಕಡ್ಲೆಕಾಯಿ ಬೆಳೆಯುತ್ತಿದ್ದ ಬಯಲಿಗೆ ಟಾರು ಹಾಕಿಸಿ ರೇಸಿನ ಟ್ರ್ಯಾಕು ಮಾಡಿದ್ದಾರೆಂದು ಸ್ಟಾಫ್ ರೂಮಿನಲ್ಲಿ ಸುದ್ದಿ ಬಂತು. ತಿಂಗಳಿಗೊಂದು ಭಾನುವಾರ ಅಲ್ಲಿ ಶಾಲೆ. ನಿಮ್ಮ ದಿನನಿತ್ಯದ ಕಾರನ್ನೇ ತೆಗೆದುಕೊಂಡು ಹೋದರೆ, ಅದನ್ನು ಓಡಿಸುವುದು ಹೇಗೆಂದು ಬೆಳಗಿನಿಂದ ಸಂಜೆವರೆಗೆ ಹೇಳಿಕೊಡುತ್ತಾರಂತೆ. ನಾನು ಗಿರಿಜಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ನಮ್ಮಮ್ಮ ಮಲಗೋದಕ್ಕೆ ನೀವು ಸ್ಕೂಲಿಗೆ ಹೋಗ್ಬೇಕಾ?" ಅಂದಳು. ಹಾಗೆಂದರೂ ಹೊರಡುವ ಬೆಳಿಗ್ಗೆ ಕಾರಿಗೆ ಪೂಜೆ ಮಾಡಿ, ಕುಂಕುಮ ಹಚ್ಚಿ, ನಿಂಬೆಹಣ್ಣು ತಂದಳು. ಎರಡೇ ಇದ್ದವು. ಮುಂದಿನ ಚಕ್ರಕ್ಕೆ ಇಟ್ಟರೆ ಸಾಕು, ಎಳೆಯುವುದು ಅವೇ ತಾನೇ ಎಂದು ಅವಳೇ ತೀರ್ಮಾನಿಸಿದಳು. ಭೌತಶಾಸ್ತ್ರದ ದೃಷ್ಟಿಯಿಂದ ನನಗೂ ಅದು ಸರಿಯೆನ್ನಿಸಿತು.

ಅಲ್ಲಿ ನಮಗೆ ಗುರುಗಳಾಗಿ ಸಿಕ್ಕವರು ಶ್ರುತಿ ಮೇಡಂ, ಒಂದು ಕಾಲದಲ್ಲಿ ರೇಸು ಓಡಿಸಿದವರಂತೆ. ಮೃದು ಮಾತಿನ ಹೆಂಗಸು. ಮೊದಲು ಕಾರಿನೊಳಗಿರುವ ಸಡಿಲ ಸಾಮಾನುಗಳನ್ನೆಲ್ಲ ಹೊರಗೆ ತೆಗೆದಿಡಬೇಕು, ತಿರುವಿನಲ್ಲಿ ಹಾರಿ ಬಂದು ಪೆಟ್ಟಾಗಬಾರದು ಎಂದರು. ಉಳಿದವರೆಲ್ಲ ಒಂದು ನೀರಿನ ಬಾಟಲಿ, ಒಂದು ಚಾರ್ಜರು ತೆಗೆದಿಟ್ಟು ಕೈ ಕೊಡವಿಕೊಂಡರು. ನಾನು ತೆಗೆಯತೊಡಗಿದೆ. ಅತ್ತೆ ಕೊಟ್ಟ ಹುಣಿಸೆಹಣ್ಣಿನ ಚೀಲ, ಎರಡು ಛತ್ರಿ, ಗಿರಿಜಳ ಒಂಟಿ ಚಪ್ಪಲಿ, ವಾಪಸು ಕೊಡಬೇಕಾದ ಯಾರದೋ ಮನೆಯ ಟಿಫನ್ ಕ್ಯಾರಿಯರ್, ಚಾಪೆ, ಕುಕ್ಕರಿನ ರಬ್ಬರು, ಮದುವೆಗಳಲ್ಲಿ ಕೊಟ್ಟ ತಾಂಬೂಲದ ಚೀಲಗಳು ಅವುಗಳೊಳಗಿನ ಒಣಗಿದ ತೆಂಗಿನಕಾಯಿ ಸಮೇತ. ಕೊನೆಗೆ ಡಿಕ್ಕಿಯಿಂದ ಅರ್ಧ ಮೂಟೆ ಕಡ್ಲೆಕಾಯಿ. ನೋಡಿದವರು ನಾವು ಮನೆ ಖಾಲಿ ಮಾಡಿ ಬಂದಿದ್ದೇವೆ ಅಂದುಕೊಂಡಿರಬೇಕು. ಪಕ್ಕದಲ್ಲಿ ತುಮಕೂರಿನ ಒಬ್ಬ ದಂತವೈದ್ಯರು ನೆಲಕ್ಕಂಟಿದಂಥ ಕೆಂಪು ಕಾರು ತಂದಿದ್ದರು. ಅದು ಹಿಂದಿನ ಚಕ್ರ ತಳ್ಳುವ ಗಾಡಿ ಎಂದು ತಿಳಿದದ್ದೇ ತಡ, ಆ ಮನುಷ್ಯನ ಪರಿಚಯವಾಗುವ ಮೊದಲೇ ಅವರ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಅವರು ನಗುನಗುತ್ತಾ ನನ್ನ ಮೂಟೆ ಇಳಿಸಲು ಕೈ ಹಾಕಿದ್ದು ಗಾಯದ ಮೇಲೆ ಬರೆ ಎಳೆದಂತಾಯಿತು.

ಮೇಡಂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ ಪಾಠ ಇಷ್ಟು. ಮುಂದಿನ ಚಕ್ರದ ಕಾರಿನಲ್ಲಿ ಎಳೆಯುವುದೂ ಅವೇ ಚಕ್ರ, ತಿರುಗಿಸುವುದೂ ಅವೇ ಚಕ್ರ. ಎರಡನ್ನೂ ಒಟ್ಟಿಗೆ ಜಾಸ್ತಿ ಕೇಳಿದರೆ ಅವು ಕೈಚೆಲ್ಲಿ, ನೀವು ಸ್ಟೇರಿಂಗು ಎಷ್ಟೇ ತಿರುಗಿಸಿದರೂ ಕಾರು ನೆಟ್ಟಗೆ ಹೋಗಿಬಿಡುತ್ತದೆ. ಆದ್ದರಿಂದ ತಿರುವು ಬರುವ ಮುಂಚೆಯೇ, ನೇರವಿರುವಾಗಲೇ ಬ್ರೇಕು ಹಾಕಿ ಮುಗಿಸಬೇಕು, ಆಮೇಲೆ ತಿರುಗಿಸಬೇಕು, ದಾರಿ ಬಿಚ್ಚಿಕೊಂಡ ಮೇಲೆ ಮೆಲ್ಲಗೆ ಆಕ್ಸಿಲೇಟರು. ಎಲ್ಲಕ್ಕಿಂತ ಮುಖ್ಯ, ಎಲ್ಲಿಗೆ ಹೋಗಬೇಕೋ ಆ ಕಡೆಯೇ ಕಣ್ಣಿರಬೇಕು, ಏಕೆಂದರೆ ಕಣ್ಣು ಹೋದಲ್ಲಿಗೆ ಕೈ, ಕೈ ಹೋದಲ್ಲಿಗೆ ಕಾರು. ಕೇಳುತ್ತಾ ಕೇಳುತ್ತಾ ನನಗೆ ನನ್ನ ಕಾರಿನ ಮೇಲೆ ಅಯ್ಯೋ ಎನ್ನಿಸಿತು. ಮನೆಗೆ ದೊಡ್ಡಳಿಯನಾದವನ ಗತಿಯೂ ಇದೇ ಅಲ್ಲವೇ? ಮದುವೆಮುಂಜಿಯ ಕೆಲಸ ಎಳೆಯುವುದೂ ಅವನೇ, ಎಲ್ಲರ ಸಿಟ್ಟುಸೆಡವಿಗೆ ತಕ್ಕಂತೆ ತಿರುಗುವುದೂ ಅವನೇ. ಚಿಕ್ಕಳಿಯ ಹಿಂದಿನಿಂದ ತಳ್ಳುತ್ತಾ ಹೆಸರು ತೆಗೆದುಕೊಳ್ಳುತ್ತಾನೆ.

ಹೆಲ್ಮೆಟ್ಟು ಹಾಕಿಕೊಂಡು ಟ್ರ್ಯಾಕಿಗಿಳಿದಾಗ ಮೇಡಂ ಪಕ್ಕದಲ್ಲಿ ಕೂತರು. ಮೊದಲ ತಿರುವಿನಲ್ಲೇ ಕಾರಿನ ಹೊಟ್ಟೆಯೊಳಗಿಂದ ಸರಸರ ಶಬ್ದ ಬಂತು. ಎಡಕ್ಕೆ ತಿರುಗಿದರೆ ಬಲಕ್ಕೆ ಸರಸರ, ಬಲಕ್ಕೆ ತಿರುಗಿದರೆ ಎಡಕ್ಕೆ. ಮೇಡಂ ಗಾಬರಿಯಾಗಿ, ಕೆಳಗಡೆ ಏನೋ ಮುರಿದಿದೆ, ನಿಲ್ಲಿಸಿ ಸರ್ ಎಂದರು. ಮುರಿದದ್ದಲ್ಲ ಮೇಡಂ, ಕಡ್ಲೆಕಾಯಿ ಎಂದೆ. ಮೂಟೆಯಿಂದ ಉದುರಿದ್ದು ಸೀಟಿನ ಕೆಳಗೆಲ್ಲ ಸೇರಿಕೊಂಡಿತ್ತು. ಅವರು, ಹಾಗಾದರೆ ಅದು ಅಲ್ಲೇ ಇರಲಿ, ಕಡ್ಲೆಕಾಯಿ ಸದ್ದು ಮಾಡದ ಹಾಗೆ ನೀವು ಒಂದು ಸುತ್ತು ಬಂದ ದಿನ ಓಡಿಸುವುದನ್ನು ಕಲಿತಿರಿ ಎಂದು ಲೆಕ್ಕ ಎಂದರು. ಮಧ್ಯಾಹ್ನದವರೆಗೂ ಅದು ಸದ್ದು ಮಾಡುತ್ತಲೇ ಇತ್ತು.

ಮಧ್ಯಾಹ್ನದ ಮೇಲೆ ಪಕ್ಕದಲ್ಲಿ ಯಾರೂ ಕೂರದೆ ನಮ್ಮನಮ್ಮ ಪಾಡಿಗೆ ಓಡಿಸಲು ಬಿಟ್ಟರು. ಸ್ವಲ್ಪ ದೂರದಲ್ಲಿ ನನ್ನ ಮುಂದೆ ದಂತವೈದ್ಯರ ಕೆಂಪು ಕಾರು ಹೋಗುತ್ತಿತ್ತು. ನನ್ನ ಕಣ್ಣು ಎಲ್ಲಿರಬೇಕೆಂದು ಬೆಳಿಗ್ಗೆಯಿಂದ ಹೇಳಿಸಿಕೊಂಡಿದ್ದೆ. ಆದರೆ ಆ ಕೆಂಪು ಕಾರಿನ ಹಿಂಭಾಗ ಕಾಣುತ್ತಿದ್ದಂತೆ ನನಗೆ ಅದು ಬಿಳಿಯಾಗಿ, ಎತ್ತರವಾಗಿ, ಅದರ ಗಾಜಿನಲ್ಲಿ ಒಂದು ವಾಲಿದ ತಲೆಯಾಗಿ ಕಾಣತೊಡಗಿತು. ಬಿಡಬಾರದು ಎಂದು ತುಳಿದೆ. ದೊಡ್ಡ ತಿರುವಿನಲ್ಲಿ ದಂತವೈದ್ಯರ ಕಾರು ಹಿಂಬದಿ ಜಾರಿ, ಟಾರು ಬಿಟ್ಟು ಜಲ್ಲಿಗಿಳಿದು ಧೂಳೆಬ್ಬಿಸಿ ನಿಂತಿತು. ನಾನು ಅವರನ್ನೇ ನೋಡುತ್ತಿದ್ದೆನಲ್ಲ. ಕಣ್ಣು ಹೋದಲ್ಲಿಗೆ ಕೈ, ಕೈ ಹೋದಲ್ಲಿಗೆ ಕಾರು. ನಾನೂ ಶಿಸ್ತಾಗಿ ಅವರ ಹಿಂದೆಯೇ ಜಲ್ಲಿಗೆ ಹೋಗಿ ಅವರ ಪಕ್ಕದಲ್ಲಿ ನಿಂತೆ. ಹಿಂದಿನ ಚಕ್ರದ್ದೂ ಮುಂದಿನ ಚಕ್ರದ್ದೂ ಒಂದೇ ಜಲ್ಲಿಯಲ್ಲಿ ಹೂತಿದ್ದವು. ತಂತಿಬೇಲಿಯ ಆಚೆ ಕುರಿ ಬಿಟ್ಟುಕೊಂಡು ಬೆಳಿಗ್ಗೆಯಿಂದ ನಮ್ಮನ್ನೇ ನೋಡುತ್ತಿದ್ದ ಒಬ್ಬ ಯಜಮಾನ, "ಸಾರ್, ರೋಡು ಅತ್ಲಾಗೈತೆ" ಎಂದು ಕೋಲು ತೋರಿಸಿದ. ಅವನ ಸಂಶಯ ಬೇರೆಯೂ ಇತ್ತು: ಇಷ್ಟೊಂದು ಸುತ್ತಾಕ್ತಾ ಇದೀರಲ್ಲ, ಎಲ್ಗೂ ಓಗಾಕಿಲ್ವಾ ಎಂದು ಕೇಳಿದ. ಟ್ರ್ಯಾಕ್ಟರು ಬಂದು ಎಳೆದು ಹಾಕುವವರೆಗೆ ನಾನೂ ದಂತವೈದ್ಯರೂ ಸೀಟಿನ ಕೆಳಗಿನ ಕಡ್ಲೆಕಾಯಿ ಆರಿಸಿ ತಿಂದೆವು. ಒಳ್ಳೆಯ ಮನುಷ್ಯ. ಅವರಿಗೂ ಒಬ್ಬ ಷಡ್ಡಕನಿದ್ದಾನಂತೆ.

ಸಂಜೆ ಎಲ್ಲರಿಗೂ ಕೊಟ್ಟಂತೆ ನನಗೂ ಒಂದು ಸರ್ಟಿಫಿಕೇಟು ಕೊಟ್ಟರು. ಕಡ್ಲೆಕಾಯಿಯ ಸದ್ದು ಇನ್ನೂ ನಿಂತಿಲ್ಲ ಸರ್, ಊರಲ್ಲಿ ಅಭ್ಯಾಸ ಮಾಡಿ ಎಂದು ಮೇಡಂ ನೆನಪಿಸಿದರು. ಮಾರನೆಯ ದಿನದಿಂದ ಕಾಲೇಜಿಗೆ ಹೋಗುವಾಗ ಬರುವಾಗ ಅಭ್ಯಾಸ ಶುರುಮಾಡಿದೆ. ಬೆಟ್ಟದ ಕೆಳಗಿನ ತಿರುವಿನಲ್ಲಿ ಗಕ್ಕನೆ ಬ್ರೇಕು, ಚಕ್ಕನೆ ಸ್ಟೇರಿಂಗು, ಭರ್ರನೆ ಆಕ್ಸಿಲೇಟರು. ಆಶ್ಚರ್ಯವೆಂದರೆ ಒಂದಿಷ್ಟೂ ಸದ್ದಿಲ್ಲ. ಮೂರು ದಿನಕ್ಕೇ ವಿದ್ಯೆ ಕೈವಶವಾಯಿತೆಂದು ಹಿಗ್ಗಿದೆ. ಗಿರಿಜ ಕಾರನ್ನು ಗುಡಿಸಿ ಒರೆಸಿದ್ದಾಳೆಂಬುದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ನಾಗೇಂದ್ರನ ಹೊಸ ಮನೆಯ ಗೃಹಪ್ರವೇಶ ಬಂತು. ಹೌದು, ಅವನು ಮನೆಯನ್ನೂ ಕಟ್ಟಿಸಿದ. ಅದರ ಬಗ್ಗೆ ನಾನು ಇಲ್ಲಿ ಮಾತಾಡುವುದಿಲ್ಲ, ಒಂದು ಸಲಕ್ಕೆ ಒಂದೇ ಹೊಟ್ಟೆಕಿಚ್ಚು ಸಾಕು. ಗಿರಿಜ ತಂಗಿಗೆ ನೆರವಾಗಲೆಂದು ಹಿಂದಿನ ದಿನವೇ ಹೋಗಿದ್ದಳು. ಮಾವನವರು ಬಸ್ಸು ಹತ್ತಿದ್ದರು. ಅತ್ತೆಗೆ ತನ್ನ ಬಿಳಿ ಗಾಡಿ ಕಳಿಸುತ್ತೇನೆಂದು ನಾಗೇಂದ್ರ ಫೋನು ಮಾಡಿದಾಗ, ಬೇಡವೇ ಬೇಡ, ನಾನೇ ಕೊರಟಗೆರೆಗೆ ಹೋಗಿ ಕರೆತರುತ್ತೇನೆ ಎಂದೆ. ಅವತ್ತು ಅತ್ತೆ ಮುಂದಿನ ಸೀಟಿನಲ್ಲಿ ಎಂದಿನಂತೆ ಹಿಡಿ ಹಿಡಿದುಕೊಂಡು ಕೂತರು. ಚನ್ನರಾಯನದುರ್ಗದ ಬೆಟ್ಟ ಕಂಡಾಗ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತಿರುವು ಬಂತು, ನಾನು ವಿದ್ಯೆ ತೋರಿಸಿದೆ, ಅವರು ಬಾಯಿ ಮುಚ್ಚಿಕೊಂಡರು. ಆಮೇಲೆ ದೇವರ ಹೆಸರೂ ಬರಲಿಲ್ಲ. ಇದು ಒಳ್ಳೆಯ ಸೂಚನೆ ಎಂದುಕೊಂಡೆ. ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಲ್ಪ ನಿಲ್ಸಿ ಅಂದರು. ನೀರು ಕೇಳಿ, ಸೊಂಟದ ಚೀಲದಿಂದ ಯಾವುದೋ ಮಾತ್ರೆ ತೆಗೆದು ನುಂಗಿದರು. ಬಿ.ಪಿ.ಯದಿರಬೇಕೆಂದು ನಾನು ಕೇಳಲಿಲ್ಲ. ದೊಡ್ಡೇರಿಯ ರಸ್ತೆ ಕವಲೊಡೆಯುವ ಹೊತ್ತಿಗೆ ಹಿಡಿಯಲ್ಲಿದ್ದ ಕೈ ಸಡಿಲವಾಯಿತು. ಮಿಡಿಗೇಶಿ ಕೋಟೆ ಕಾಣುವಷ್ಟರಲ್ಲಿ ಅತ್ತೆಯ ತಲೆ ಮೆಲ್ಲಗೆ ವಾಲಿತು. ನನ್ನ ಕಡೆಗೇ ವಾಲಿತು. ಆ ಕ್ಷಣ ನನಗಾದ ಸಂತೋಷವನ್ನು ಹೇಳಿದರೆ ನೀವು ನಗುತ್ತೀರಿ. ನನ್ನ ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಪಾವಗಡದಲ್ಲಿ ಹೊಸ ಮನೆಯ ಮುಂದೆ, ಚಪ್ಪರದ ಕೆಳಗೆ, ನಾಗೇಂದ್ರ ರೇಷ್ಮೆ ಪಂಚೆಯಲ್ಲಿ ನಿಂತಿದ್ದ. ನಾನು ಅತ್ತೆಯನ್ನು ತಕ್ಷಣ ಎಬ್ಬಿಸಲಿಲ್ಲ. ಅವನು ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿ ಪೂರ್ತಿ ನೋಡಲೆಂದು ಕಾದೆ. ನೋಡಿದ. ಮುಖ ಸಣ್ಣದಾಯಿತು. ಮನೆಗೆ ಎಂಥ ಕಲ್ಲು ಹಾಸಿದ್ದಾನೆಂದು ತೋರಿಸುವ ಉತ್ಸಾಹವೂ ಇಳಿದುಹೋಯಿತು. ಊಟಕ್ಕೆ ಕೂತಾಗ ಮೆಲ್ಲಗೆ ಪಕ್ಕಕ್ಕೆ ಬಂದು, "ಅನ್ನಾ, ನಿಜಂಗಾ, ನಮ್ಮತ್ತೆ ನಿಮ್ ಗಾಡೀಲೂ ಮಲಕ್ಕೊಂಡ್ಬುಟ್ರಾ? ಎಲ್ಲೋ ಡ್ರೈವಿಂಗ್ ಸ್ಕೂಲಿಗೆ ಹೋಗಿದ್ರಂತೆ, ಅಡ್ರೆಸ್ ಕೊಡಿ" ಎಂದ. ಅಡ್ರೆಸ್ಸು ಕೊಟ್ಟೆ. ಅವನ ಧ್ವನಿಯಲ್ಲಿದ್ದದ್ದು ಏನೆಂದು ನನಗೆ ಗೊತ್ತು, ಹದಿನೈದು ವರ್ಷ ಅದನ್ನು ನಾನೇ ಸಾಕಿದ್ದೇನೆ. ಅವತ್ತು ಹೋಳಿಗೆಯನ್ನು ಎರಡನೇ ಸಲವೂ ಹಾಕಿಸಿಕೊಂಡೆ.

ಊಟವಾದ ಮೇಲೆ ಅತ್ತೆ ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಹೋಗಿ ಎದುರಿಗೆ ಕೂತು, ಪ್ರಯಾಣ ಹೇಗಿತ್ತು, ಒಳ್ಳೆಯ ನಿದ್ದೆ ಬಂತಲ್ಲ ಎಂದು ಕೇಳಿದೆ. ಹೊಗಳಿಸಿಕೊಳ್ಳುವ ಆಸೆ ಯಾರನ್ನು ಬಿಟ್ಟಿದೆ.

"ಏನು ನಿದ್ದೆ ಬುಡಿ ಅಳಿಯಂದ್ರೇ," ಅಂದರು ಅತ್ತೆ. "ನಾಗನ ಗಾಡಿ ತೂಗಾಡ್ತದೆ, ಕುಂತ್ರೆ ಹೊಟ್ಟೆ ತೊಳಸ್ತದೆ. ಅದುಕ್ಕೇ ವಾಂತಿ ಮಾತ್ರೆ ನುಂಗಿ, ಅದ್ರ ಮಂಪರಿಗೆ ಕಣ್ ಮುಚ್ಕೊಂಬುಡ್ತೀನಿ. ನಿಮ್ ಗಾಡೀಲಿ ಯಾವತ್ತೂ ಮಾತ್ರೆ ಬೇಕಾಗಿರ್ನಿಲ್ಲ. ಮೆಲ್ಲುಕೆ ಓಯ್ತಿದ್ರಿ. ಸೀಟು ತಗ್ಗು, ಆದ್ರೂ ಆ ಹಿಡೀನ ಹಿಡ್ಕೊಂಡು ಎದ್ದು ಕುಂತ್ರೆ ಬೆಟ್ಟ, ಗುಡಿ ಎಲ್ಲಾ ಕಾಣ್ತಿದ್ವು. ಒಂದೊಂದು ಗುಡೀಗೂ ಕೈ ಮುಗ್ಕೊಂಡು ಬತ್ತಿದ್ದೆ. ಇವತ್ಯಾಕೋ ಒಂದೂ ಕಾಣ್ಲಿಲ್ಲ. ಮೈ ಉಷಾರಿಲ್ವೇನೋ ನಿಮ್ಗೆ ಅಂತ ಸುಮ್ಕಾದೆ."

ಆಂಜನೇಯ, ಮಾರಮ್ಮ, ನರಸಿಂಹ, ಮತ್ತೆ ಆಂಜನೇಯ. ಅದು ಭಯವಲ್ಲ, ದಾರಿಯ ಗುಡಿಗಳು. ಹದಿನೈದು ವರ್ಷ ಅತ್ತೆ ಕಣ್ಣು ತೆರೆದುಕೊಂಡು ಸುಖವಾಗಿ ಬರುತ್ತಿದ್ದ ಏಕೈಕ ಗಾಡಿಯನ್ನು ನಾನು ಒಂದು ಭಾನುವಾರ ಶಾಲೆಗೆ ಹೋಗಿ ಕೆಡಿಸಿಕೊಂಡು ಬಂದಿದ್ದೆ. ಗಿರಿಜಳನ್ನು ಒಳಗೆ ಕರೆದು ಕೇಳಿದರೆ, ಅಮ್ಮ ಮಾತ್ರೆ ತಗೊಳ್ಳೋದು ಇಡೀ ಮನೆಗೇ ಗೊತ್ತು, ನೀವು ಯಾವಾಗ ಕೇಳಿದ್ರಿ ಅಂದಳು. ನಾಗೇಂದ್ರನಿಗೆ ಇದನ್ನು ಹೇಳಬೇಕಿತ್ತು. ಅವನು ಟ್ರ್ಯಾಕಿನ ಶಾಲೆಗೆ ಫೋನು ಮಾಡುತ್ತಿದ್ದ. ನಾನು ಹೇಳಲಿಲ್ಲ.

ವಾಪಸು ಬರುವಾಗ ಕಲಿತದ್ದನ್ನೆಲ್ಲ ಪಾವಗಡದಲ್ಲೇ ಬಿಟ್ಟೆ. ಎತ್ತಿನ ಗಾಡಿಯವನಂತೆ ಮೆಲ್ಲಗೆ, ಪ್ರತಿ ತಿರುವಿಗೂ ಕೈ ಮುಗಿಯುವವನಂತೆ ಹೋದೆ. ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಹೊಡೆದು, ಬೈದು ಮುಂದೆ ಹೋದ. ಹಿಂದಿನ ಸೀಟಿನಲ್ಲಿ ಗಿರಿಜ ನಿದ್ದೆ ಹೋದಳು. ಅದಕ್ಕೆ ನನಗೇನೂ ಹೆಮ್ಮೆಯಿಲ್ಲ, ಅವಳು ಎಲ್ಲಿ ಬೇಕಾದರೂ ಮಲಗುತ್ತಾಳೆ. ಅತ್ತೆ, ಇನ್ನು ಇದು ಬ್ಯಾಡ ಎಂದು ಮಾತ್ರೆಯ ಪಟ್ಟಿಯನ್ನು ನನ್ನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ಹಿಡಿ ಹಿಡಿದು ಎದ್ದು ಕೂತರು. ಮಿಡಿಗೇಶಿ ಕೋಟೆಗೆ ಕೈ ಮುಗಿದರು, ಆಂಜನೇಯನಿಗೆ ಮುಗಿದರು, ಮಾರಮ್ಮನಿಗೆ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಮಾತಿಗೆ ಶುರುಮಾಡಿದರು. ಕೊರಟಗೆರೆ ಬರುವ ತನಕ ಒಂದು ಕ್ಷಣ ಕಣ್ಣು ಮುಚ್ಚದೆ, ಬಾಯಿ ಮುಚ್ಚದೆ ಮಾತಾಡಿದರು. ಎಲ್ಲವೂ ನಾಗನ ವಿಷಯ. ನಾಗ ಹಾಸಿಸಿದ ಕಲ್ಲು, ನಾಗ ಇಡಿಸಿದ ಬಾಗಿಲು, ನಾಗ ಚಿಕ್ಕವನಿದ್ದಾಗ ಹೇಳಿದ ಮಾತು. ತೆಲುಗಿನಲ್ಲಿ ಹೇಳಿದ್ದನ್ನು ನನಗಾಗಿ ಕನ್ನಡದಲ್ಲೂ ಹೇಳಿದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಮಾತ್ರೆಯ ಕಡೆಗೆ ನನ್ನ ಕೈ ಎರಡು ಸಲ ಹೋಯಿತು. ಗಾಡಿ ಓಡಿಸುವವರು ನುಂಗಬಾರದೆಂದು ಅದರ ಮೇಲೆ ಬರೆದಿತ್ತು.